ನಮ್ಮ ಬಿಜ್ಜು, ಅಮೆರಿಕದ ಕೂಪರ್ ಗಿಡುಗ: ತುಮಕೂರಿನಲ್ಲಿ ಕೂತು ಎರಡನ್ನೂ ಹೋಲಿಸುವುದು ಹೇಗೆ?

ಎರಡು ವರ್ಷದ ಹಿಂದೆ, ಡಿಸೆಂಬರ್‌ನಲ್ಲಿ, ಅಕ್ಕ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಅವಳಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಅವರ ಹಿತ್ತಲಿನ ಮರದ ಬೇಲಿ ಮೇಲೆ ಒಂದು ಗಿಡುಗ ಕೂತಿತ್ತು. ಬೂದು ನೀಲಿ ಬೆನ್ನು, ಎದೆ ತುಂಬ ಇಟ್ಟಿಗೆ ಬಣ್ಣದ ಅಡ್ಡಗೆರೆ, ಕೆಂಪು ಕಣ್ಣು. ಕೆಳಗೆ ಬರೆದಿದ್ದಳು: "ನೋಡೋ, ನಮ್ಮ ತೋಟದ ಬಿಜ್ಜು ಇಲ್ಲಿಗೂ ಬಂದಿದೆ!"

ನಾನು ಹಿಂದೆ ಮುಂದೆ ನೋಡದೆ "ಹೌದು ಕಣಕ್ಕ, ಅದೇ" ಎಂದು ಉತ್ತರ ಹಾಕಿಬಿಟ್ಟೆ. ಹದಿನೈದು ವರ್ಷದಿಂದ ಬೈನಾಕ್ಯುಲರ್ ಹೊತ್ತುಕೊಂಡು ದೇವರಾಯನದುರ್ಗ ಸುತ್ತುವವನು ಹಾಕಿದ ಉತ್ತರ ಅದು. ರಾತ್ರಿ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಹಕ್ಕಿಯ ಕಾಲ ಕೆಳಗೆ ಒಂದು ಬೆಳವ ಸತ್ತು ಬಿದ್ದಿತ್ತು. ನಮ್ಮ ಬಿಜ್ಜು ಬೆಳವನನ್ನು ಹಿಡಿದರೆ ಯಾರು ಯಾರನ್ನು ಹಿಡಿದಿದ್ದಾರೆ ಎಂದು ಒಂದು ಕ್ಷಣ ಗೊತ್ತಾಗುವುದಿಲ್ಲ, ಹಾಗಿರುತ್ತದೆ ಗಾತ್ರ. ಇಲ್ಲಿ ಬೆಳವ ಚಿಕ್ಕ ಮರಿಯ ಹಾಗೆ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ನನಗೆ ತಪ್ಪು ಹೊಳೆಯಿತು. ಬಿಜ್ಜು ಇರುವುದು ಏಷ್ಯಾ ಮತ್ತು ಆಫ್ರಿಕಾದಲ್ಲಿ. ಅಮೆರಿಕದಲ್ಲಿ ಅದು ಇಲ್ಲವೇ ಇಲ್ಲ. ಅಕ್ಕನ ಬೇಲಿ ಮೇಲೆ ಕೂತಿದ್ದದ್ದು ಕೂಪರ್ ಗಿಡುಗ, ಅಂದರೆ ಅಲ್ಲಿಯವರು ಕೂಪರ್ಸ್ ಹಾಕ್ ಎನ್ನುವ ಹಕ್ಕಿ.

ಈಗ ನಮ್ಮ ಕಡೆ ಎಷ್ಟೋ ಮನೆಗಳಿಂದ ಒಬ್ಬರಾದರೂ ಅಮೆರಿಕದಲ್ಲಿದ್ದಾರೆ. ಮಗನ ಮನೆಗೆ, ಮಗಳ ಬಾಣಂತನಕ್ಕೆ ಎಂದು ಆರು ತಿಂಗಳು ಹೋಗಿ ಬರುವವರೂ ಜಾಸ್ತಿ. ಅಲ್ಲಿ ಕಿಟಕಿ ಪಕ್ಕ ಕೂತು ಹೊತ್ತು ಕಳೆಯುವಾಗ ಈ ಹಕ್ಕಿ ಕಂಡೇ ಕಾಣುತ್ತದೆ. ಅಂಥವರಿಗೆ, ಮತ್ತು ಇಲ್ಲೇ ಕೂತು ಫೋಟೊ ನೋಡುವ ನನ್ನಂಥವರಿಗೆ, ಈ ಎರಡು ಮರಗಾಡಿನ ಗಿಡುಗಗಳನ್ನು ಹೋಲಿಸುವ ದಾರಿಯನ್ನು ಬರೆದಿದ್ದೇನೆ. ಒಂದೇ ಮಾತು ನೆನಪಿಟ್ಟುಕೊಳ್ಳಿ: ಬಣ್ಣದಿಂದ ಶುರು ಮಾಡಬೇಡಿ. ನಾನು ಬಿದ್ದದ್ದು ಅಲ್ಲೇ.

ಮೊದಲ ಹೆಜ್ಜೆ: ಮನೆಯ ಹಕ್ಕಿಯನ್ನು ಗಟ್ಟಿ ಮಾಡಿಕೊಳ್ಳಿ

ಬಿಜ್ಜು ಎಂದರೆ ಇಂಗ್ಲಿಷ್ ಪುಸ್ತಕದ ಶಿಕ್ರಾ. ನಮ್ಮ ಹಳ್ಳಿಗಳಲ್ಲಿ ಸುಮ್ನೆ ಗಿಡುಗ ಎಂದೇ ಕರೆಯುವವರೂ ಇದ್ದಾರೆ. ಹಳೆಗನ್ನಡದಲ್ಲಿ ಬೇಟೆಗೆ ಪಳಗಿಸಿದ ಇಂಥ ಹಕ್ಕಿಗೆ ಸಾಳುವ ಎನ್ನುತ್ತಿದ್ದರು. ವಿಜಯನಗರದ ಸಾಳುವ ಮನೆತನದ ಹೆಸರೂ ಅದೇ ಪದ. ಆದರೆ ನಮ್ಮ ಜನ ಹದ್ದು, ಗರುಡ, ಗಿಡುಗ ಮೂರನ್ನೂ ಒಂದೇ ಗಂಟು ಕಟ್ಟಿಬಿಡುತ್ತಾರೆ. ಹದ್ದು ಆಕಾಶದಲ್ಲಿ ಸುತ್ತು ಹಾಕುತ್ತಾ ಬಯಲಲ್ಲಿ ಕಾಣುವ ಹಕ್ಕಿ. ಬಿಜ್ಜು ಮರದೊಳಗಿನ ಹಕ್ಕಿ. ರೆಕ್ಕೆ ಗಿಡ್ಡ, ತುದಿ ದುಂಡಗೆ. ಬಾಲ ಉದ್ದ. ಕೊಂಬೆಗಳ ಸಂದಿಯಲ್ಲಿ ತಿರುಗಿ, ಜಾರಿ, ಬ್ರೇಕು ಹಾಕಿ ನಿಲ್ಲಲು ಮಾಡಿದ ಮೈ ಅದು.

ಎಲ್ಲಿ ನೋಡಬೇಕು? ದೂರ ಹೋಗಬೇಕಿಲ್ಲ. ಹಳೆಯ ಹುಣಸೆ ಮರ, ಹೊಂಗೆ ತೋಪು, ಮಾವಿನ ತೋಟ, ಗುಬ್ಬಿ-ತಿಪಟೂರು ಕಡೆಯ ತೆಂಗು ಅಡಿಕೆ ತೋಟ, ಎಲ್ಲ ಕಡೆ ಇದೆ. ನನಗಂತೂ ದೇವರಾಯನದುರ್ಗದ ರಸ್ತೆ, ಅದರಲ್ಲೂ ನಾಮದ ಚಿಲುಮೆಯ ಸುತ್ತಲಿನ ಕಾಡು ಇಷ್ಟ. ಬೆಳಗ್ಗೆ ಆರೂವರೆಗೆ ಅಲ್ಲಿರಿ. ಹಿಂದಿರುಗುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಬಹುದು ಅನ್ನುವುದೂ ಒಂದು ಕಾರಣ, ಸುಳ್ಳೇಕೆ ಹೇಳಲಿ. ಫೆಬ್ರವರಿ, ಮಾರ್ಚ್ ಒಳ್ಳೆಯ ಸಮಯ. ಎಷ್ಟೋ ಮರಗಳ ಎಲೆ ಉದುರಿರುತ್ತದೆ, ಹಕ್ಕಿ ಕಣ್ಣಿಗೆ ಬೀಳುತ್ತದೆ, ಜೋಡಿ ಹುಡುಕುವ ಕಾಲವಾದ್ದರಿಂದ ಕೂಗೂ ಹೆಚ್ಚು.

ಬಿಜ್ಜನ್ನು ನೀವು ಹುಡುಕಬೇಡಿ, ಬೇರೆ ಪ್ರಾಣಿಗಳು ಹುಡುಕಿಕೊಡುತ್ತವೆ. ಅಳಿಲು ಒಂದೇ ಸಮನೆ ಚಿಕ್ ಚಿಕ್ ಎಂದು ಬಾಲ ಕುಣಿಸುತ್ತಾ ಕೂಗುತ್ತಿದ್ದರೆ, ಹರಟೆಮಲ್ಲಗಳು ಗುಂಪು ಕಟ್ಟಿ ಜಗಳ ತೆಗೆದಿದ್ದರೆ, ಕಾಜಾಣ ಯಾವುದೋ ಕೊಂಬೆಗೆ ಮತ್ತೆ ಮತ್ತೆ ಎರಗುತ್ತಿದ್ದರೆ, ಆ ಕೊಂಬೆಯನ್ನೇ ನೋಡಿ. ಕಾಂಡಕ್ಕೆ ಅಂಟಿದ ಹಾಗೆ, ಎಲೆಯ ಮರೆಯಲ್ಲಿ ಕೂತಿರುತ್ತದೆ. ಹೆಜ್ಜೆ ಇಡದೆ ಐದು ನಿಮಿಷ ನಿಂತರೆ ಅದೂ ನಿಮ್ಮನ್ನು ಮರೆಯುತ್ತದೆ.

ಬೈನಾಕ್ಯುಲರ್ ಎಂಟರಷ್ಟು ದೊಡ್ಡದು ತೋರಿಸುವ 8x42 ಸಾಕು. ದೊಡ್ಡ ಕ್ಯಾಮೆರಾ ಬೇಕೇ ಬೇಕು ಎಂದಿಲ್ಲ. ಎರಡು ರೂಲಿನ ಒಂದು ನೋಟ್‌ಬುಕ್ ಮಾತ್ರ ಬೇಕು. ಎಡಪುಟಕ್ಕೆ ಬಿಜ್ಜು, ಬಲಪುಟಕ್ಕೆ ಕೂಪರ್. ಒಂದು ತಿಂಗಳು ಬಲಪುಟ ಖಾಲಿ ಇರಲಿ.

ಎರಡನೇ ಹೆಜ್ಜೆ: ಗಾತ್ರಕ್ಕೆ ಕಾಗೆಯನ್ನು ಅಳತೆಗೋಲು ಮಾಡಿಕೊಳ್ಳಿ

ಪುಸ್ತಕದಲ್ಲಿ ಸೆಂಟಿಮೀಟರ್ ಓದಿದರೆ ಮರದ ಮೇಲೆ ಏನೂ ಉಪಯೋಗಕ್ಕೆ ಬರುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಹಕ್ಕಿ ಬೇಕು. ನಮ್ಮ ಊರಕಾಗೆ ಸುಮಾರು 40 ಸೆಂಟಿಮೀಟರ್ ಉದ್ದ, ತೂಕ ಸುಮಾರು 300 ಗ್ರಾಂ. ಬಿಜ್ಜು ಸುಮಾರು 30 ಸೆಂಟಿಮೀಟರ್. ಗಂಡಿನ ತೂಕ 160 ಗ್ರಾಂ ಒಳಗೆ, ದೊಡ್ಡ ಹೆಣ್ಣು 250 ಗ್ರಾಂ ಸುತ್ತಮುತ್ತ. ಅಂದರೆ ಬಿಜ್ಜು ಯಾವಾಗಲೂ ಕಾಗೆಗಿಂತ ಚಿಕ್ಕದು. ಕಾಗೆಗಳು ಅದನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಿದರೆ ಇದು ತಾನೇ ಗೊತ್ತಾಗುತ್ತದೆ.

ಕೂಪರ್ ಗಿಡುಗದ ಗಂಡು ನಮ್ಮ ಕಾಗೆಯಷ್ಟು, 37-39 ಸೆಂಟಿಮೀಟರ್. ಹೆಣ್ಣು ಕಾಗೆಯನ್ನೂ ಮೀರಿಸುತ್ತದೆ, 42-45 ಸೆಂಟಿಮೀಟರ್, ತೂಕ 330ರಿಂದ 680 ಗ್ರಾಂವರೆಗೆ. ಒಂದು ದೊಡ್ಡ ಹೆಣ್ಣು ಕೂಪರ್ ತೂಗುವಷ್ಟು ತಕ್ಕಡಿಗೆ ಹಾಕಲು ನಮ್ಮ ನಾಲ್ಕೈದು ಗಂಡು ಬಿಜ್ಜು ಬೇಕು.

ಎರಡರಲ್ಲೂ ಹೆಣ್ಣೇ ದೊಡ್ಡದು ಎಂಬುದನ್ನು ಗಮನಿಸಿ. ಕೋಳಿ, ನವಿಲು ನೋಡಿ ಬೆಳೆದ ನಮಗೆ ಇದು ತಿರುಗುಮುರುಗು ಅನಿಸುತ್ತದೆ. ಹಕ್ಕಿ ಹಿಡಿದು ತಿನ್ನುವ ಗಿಡುಗಗಳಲ್ಲಿ ಈ ವ್ಯತ್ಯಾಸ ಇನ್ನೂ ಜೋರು. ಹಾಗಾಗಿ "ಒಂದು ದೊಡ್ಡದು, ಒಂದು ಚಿಕ್ಕದು, ಎರಡು ಜಾತಿ ಇರಬೇಕು" ಎಂದು ಬರೆದುಕೊಳ್ಳುವ ಮೊದಲು ಅದು ಗಂಡ ಹೆಂಡತಿ ಇರಬಹುದಾ ನೋಡಿ.

ಅಮೆರಿಕದಿಂದ ಫೋಟೊ ಕಳಿಸುವವರಿಗೆ ಒಂದು ಮಾತು ಹೇಳಿ. ಹಕ್ಕಿ ಹಾರಿಹೋದ ಮೇಲೆ ಅದು ಕೂತಿದ್ದ ಬೇಲಿ ಪಟ್ಟಿಯ ಅಗಲವನ್ನು ಟೇಪಿನಲ್ಲಿ ಅಳೆದು ಕಳಿಸಲಿ. ಫೋಟೊದಲ್ಲಿ ಆ ಪಟ್ಟಿ ಎಷ್ಟು ಸಲ ಹಕ್ಕಿಯ ಉದ್ದಕ್ಕೆ ಹಿಡಿಯುತ್ತದೆ ಎಂದು ಸ್ಕೇಲ್ ಇಟ್ಟು ನೋಡಿದರೆ ಉದ್ದ ಸಿಕ್ಕಿತು. ಲೆಕ್ಕ ಐದನೇ ಕ್ಲಾಸಿನದು, ಕೆಲಸ ಮಾತ್ರ ದೊಡ್ಡದು.

ಮೂರನೇ ಹೆಜ್ಜೆ: ತಲೆ, ಗಂಟಲು, ಬಾಲ. ಆಮೇಲೆ ಎದೆ

ಎದೆಯ ಕೆಂಪು ಗೆರೆ ಎರಡಕ್ಕೂ ಇದೆ. ಬೆನ್ನಿನ ಬೂದು ಎರಡಕ್ಕೂ ಇದೆ. ಅದಕ್ಕೇ ಅವನ್ನು ಬಿಟ್ಟು ಬೇರೆ ಕಡೆ ಕಣ್ಣು ಹಾಕಿ.

ತಲೆ ಮೊದಲು. ಬೆಳೆದ ಕೂಪರ್ ಟೋಪಿ ಹಾಕಿಕೊಂಡ ಹಾಗಿರುತ್ತದೆ. ನೆತ್ತಿ ಕಪ್ಪಗೆ, ಅದರ ಹಿಂದೆ ಕತ್ತು ತಿಳಿ. ಎರಡರ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಬಿಜ್ಜಿಗೆ ಟೋಪಿ ಇಲ್ಲ. ತಲೆಯಿಂದ ಬೆನ್ನಿನವರೆಗೆ ಒಂದೇ ಬೂದಿ ಬಳಿದಂತೆ, ಅದೂ ಗಂಡಾದರೆ ಇನ್ನೂ ತಿಳಿ.

ಗಂಟಲು ನೋಡಲು ಹಕ್ಕಿ ನಿಮ್ಮ ಕಡೆ ತಿರುಗಬೇಕು. ಬಿಜ್ಜಿನ ಬಿಳಿ ಗಂಟಲಿನ ಸರಿ ನಡುವೆ ಮೇಲಿಂದ ಕೆಳಕ್ಕೆ ಒಂದು ತೆಳು ಕಪ್ಪು ಗೆರೆ ಇರುತ್ತದೆ, ಪೆನ್ಸಿಲಿನಲ್ಲಿ ಎಳೆದ ಹಾಗೆ. ಕೂಪರ್‌ಗೆ ಹೀಗೆ ಒಂದೇ ಗೆರೆ ಇಲ್ಲ. ನನ್ನ ಲೆಕ್ಕದಲ್ಲಿ ಈ ಒಂದು ಗುರುತಿಗೇ ಐವತ್ತು ಮಾರ್ಕು ಕೊಡಬಹುದು. ಅಕ್ಕನ ಫೋಟೊದಲ್ಲಿ ಗಂಟಲು ಸ್ಪಷ್ಟವಾಗಿತ್ತು, ಗೆರೆ ಇರಲಿಲ್ಲ. ನೋಡಲಿಲ್ಲ, ಅಷ್ಟೇ.

ಬಾಲ. ಕೂಪರ್‌ನ ಬಾಲ ಉದ್ದ, ದಪ್ಪ ಕಪ್ಪು ಪಟ್ಟಿಗಳು, ತುದಿ ದುಂಡಗೆ, ತುದಿಯಲ್ಲಿ ಅಗಲವಾದ ಬಿಳಿ ಅಂಚು. ಅಂಚಿನ ಗರಿಗಳು ನಡುವಿನ ಗರಿಗಳಿಗಿಂತ ಗಿಡ್ಡ ಇರುವುದರಿಂದ ತುದಿ ಹೀಗೆ ದುಂಡಗಾಗುತ್ತದೆ. ಬೆಳೆದ ಗಂಡು ಬಿಜ್ಜಿನ ಬಾಲದ ನಡುವಿನ ಗರಿಗಳು ಮೇಲಿಂದ ನೋಡಿದರೆ ಬರೀ ಬೂದು, ಪಟ್ಟಿ ಕಾಣುವುದಿಲ್ಲ. ಪಕ್ಕದ ಗರಿಗಳಲ್ಲಿ ತೆಳುವಾದ ಪಟ್ಟಿ ಇರುತ್ತದೆ.

ಹಾರುವಾಗಲೂ ಎರಡಕ್ಕೂ ಒಂದೇ ತಾಳ: ನಾಲ್ಕೈದು ಸಲ ಪಟಪಟ ರೆಕ್ಕೆ ಬಡಿತ, ಆಮೇಲೆ ಒಂದು ಜಾರು. ಆದರೆ ಕೂಪರ್ ತಲೆಯನ್ನು ರೆಕ್ಕೆಗಿಂತ ಮುಂದಕ್ಕೆ ಚಾಚಿಕೊಂಡು ಹೋಗುತ್ತದೆ. ಮೇಲೆ ಹೋಗುವಾಗ ಹಾರುವ ಶಿಲುಬೆಯಂತೆ ಕಾಣುತ್ತದೆ ಎಂದು ಅಲ್ಲಿಯವರು ಹೇಳುತ್ತಾರೆ. ನಮ್ಮ ಗಂಡು ಬಿಜ್ಜು ತಲೆ ಮೇಲೆ ಹೋದರೆ ರೆಕ್ಕೆಯ ಒಳಭಾಗ ಬೆಳ್ಳಗೆ, ತುದಿ ಮಾತ್ರ ಕಪ್ಪಗೆ ಕಾಣುತ್ತದೆ.

ನಾಲ್ಕನೇ ಹೆಜ್ಜೆ: ಕಣ್ಣಿನ ಬಣ್ಣವನ್ನು ಬೇರೆ ಬೇರೆ ಓದಿ

ಇದು ನನಗೆ ತುಂಬ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎರಡೂ ಹಕ್ಕಿಗಳಲ್ಲಿ ಹಳದಿ ಕಣ್ಣು, ಕಿತ್ತಳೆ ಕಣ್ಣು, ಕೆಂಪು ಕಣ್ಣು ಎಲ್ಲವನ್ನೂ ನೋಡಬಹುದು. ಆದರೆ ಅದೇ ಬಣ್ಣ ಎರಡು ಕಡೆ ಬೇರೆ ಬೇರೆ ಸುದ್ದಿ ಹೇಳುತ್ತದೆ. ಬೆಳೆದ ಬಿಜ್ಜಿನಲ್ಲಿ ಕಣ್ಣಿನ ಬಣ್ಣ ಗಂಡು ಹೆಣ್ಣನ್ನು ಹೇಳುತ್ತದೆ. ಕಡುಗೆಂಪು ಕಣ್ಣಿದ್ದರೆ ಗಂಡು. ಹಳದಿ ಅಥವಾ ಕಿತ್ತಳೆ ಹಳದಿ ಇದ್ದು ಮೈ ಸ್ವಲ್ಪ ಕಂದು ಮಿಶ್ರ ಬೂದು ಇದ್ದರೆ ಹೆಣ್ಣು. ಕೂಪರ್‌ನಲ್ಲಿ ಕಣ್ಣು ಮುಖ್ಯವಾಗಿ ವಯಸ್ಸು ಹೇಳುತ್ತದೆ. ಗೂಡಿನ ಮರಿಗೆ ಬೂದು ನೀಲಿ ಕಣ್ಣು. ಮೊದಲ ವರ್ಷ ಹಳದಿ. ವರ್ಷ ಕಳೆದಂತೆ ಕಿತ್ತಳೆ, ಆಮೇಲೆ ಕೆಂಪು. ಗಂಡಿನಲ್ಲಿ ಈ ಕೆಂಪು ಬೇಗ ಏರುತ್ತದೆ, ಹೆಣ್ಣಿನಲ್ಲಿ ನಿಧಾನ, ಆದರೆ ಹೆಣ್ಣಿಗೂ ಏರುತ್ತದೆ.

ಹಾಗಾಗಿ ನ್ಯೂಜೆರ್ಸಿಯ ಕೆಂಪು ಕಣ್ಣಿನ ಹಕ್ಕಿಯನ್ನು ನೋಡಿ "ಗಂಡು" ಎಂದು ತೀರ್ಪು ಕೊಡಬೇಡಿ. ನಾಮದ ಚಿಲುಮೆಯ ಹಳದಿ ಕಣ್ಣಿನ ಹಕ್ಕಿಯನ್ನು ನೋಡಿ "ಮರಿ" ಎಂದೂ ಹೇಳಬೇಡಿ. ಮೊದಲು ಎದೆ ನೋಡಿ. ಎದೆಯ ಗೆರೆ ಅಡ್ಡ ಇದ್ದರೆ ಬೆಳೆದ ಹಕ್ಕಿ, ಉದ್ದುದ್ದ ಇಳಿದಿದ್ದರೆ ಮರಿ. ಈ ಸೂತ್ರ ಎರಡೂ ಹಕ್ಕಿಗೆ ನಡೆಯುತ್ತದೆ. ಮರಿಯ ಬೆನ್ನು ಎರಡರಲ್ಲೂ ಕಂದು. ಬಿಜ್ಜಿನ ಮರಿಯ ಎದೆ ಮೇಲೆ ಕಂದು ಹನಿಗಳು ಇಳಿದ ಹಾಗೆ, ಗಂಟಲ ಗೆರೆ ಇನ್ನೂ ದಪ್ಪ.

ಮರಿ ಹಕ್ಕಿಯ ಹೋಲಿಕೆ ಕಷ್ಟ. ಶುರುವಿನಲ್ಲಿ ಅದನ್ನು ಬಿಟ್ಟುಬಿಡಿ. ದೊಡ್ಡವನ್ನು ಮೂವತ್ತು ಸಲ ನೋಡಿದ ಮೇಲೆ ಚಿಕ್ಕವು ತಾವಾಗೇ ಅರ್ಥವಾಗುತ್ತವೆ.

ಐದನೇ ಹೆಜ್ಜೆ: ಮೋಸಗಾರರನ್ನು ಬದಿಗಿಡಿ

ನಮ್ಮ ಕಡೆ ದೊಡ್ಡ ಮೋಸಗಾರ ಕೋಗಿಲೆ ಜಾತಿಯ ಒಂದು ಹಕ್ಕಿ. ಬೇಸಿಗೆಯಲ್ಲಿ ರಾತ್ರಿ ಹಗಲು ಸ್ವರ ಏರಿಸಿ ಏರಿಸಿ ಕೂಗುವ ಬ್ರೇನ್‌ಫೀವರ್ ಹಕ್ಕಿ ಇದೆಯಲ್ಲ, ಅದು ಬಿಜ್ಜಿನ ವೇಷ ಹಾಕಿದೆ. ಬೂದು ಬೆನ್ನು, ಎದೆಗೆರೆ, ಬಾಲದ ಪಟ್ಟಿ, ಹಾರುವ ಶೈಲಿ ಕೂಡ ಅದರದೇ. ಅದು ಮೊಟ್ಟೆ ಇಡುವುದು ಹರಟೆಮಲ್ಲಗಳ ಗೂಡಿನಲ್ಲಿ. ಬಿಜ್ಜು ಬಂತೆಂದು ಅವು ಗಾಬರಿ ಬಿದ್ದರೆ ಇದಕ್ಕೆ ದಾರಿ ಸಲೀಸು. ಕೊಕ್ಕು ನೋಡಿ: ಬಿಜ್ಜಿಗೆ ಬಾಗಿದ ಕೊಕ್ಕೆ, ಕೋಗಿಲೆಗೆ ನೇರ. ಕಾಲು ನೋಡಿ: ಬಿಜ್ಜಿನದು ಬೇಟೆಗಾರನ ಕಾಲು, ಉಗುರು ಗಟ್ಟಿ.

ಚಳಿಗಾಲದಲ್ಲಿ ಇನ್ನೊಂದು ಗಿಡುಗ ಉತ್ತರದಿಂದ ವಲಸೆ ಬರುತ್ತದೆ, ಯುರೇಷಿಯನ್ ಸ್ಪ್ಯಾರೋಹಾಕ್. ಅದಕ್ಕೆ ಗಂಟಲ ಗೆರೆ ಇಲ್ಲ. ಗಂಟಲ ಗೆರೆ ತುಂಬ ದಪ್ಪ ಇದ್ದು ಎದೆ ಮೇಲೆ ಒತ್ತಾದ ಗೀಟುಗಳಿದ್ದರೆ ಬೆಸ್ರಾ ಇರಬಹುದು. ಅದು ಮಲೆನಾಡಿನ ದಟ್ಟ ಕಾಡಿನ ಹಕ್ಕಿ.

ಅಲ್ಲಿನ ಮೋಸಗಾರ ಶಾರ್ಪ್‌ಶಿನ್ಡ್ ಹಾಕ್. ಅಮೆರಿಕದ ಪಕ್ಷಿ ವೀಕ್ಷಕರ ತಲೆ ಕೆಡಿಸಿರುವ ಜೋಡಿ ಇದು, ಕೂಪರ್ ಮತ್ತು ಶಾರ್ಪ್‌ಶಿನ್ಡ್. ಬಣ್ಣದಲ್ಲಿ ಹೆಚ್ಚು ಕಡಿಮೆ ಅವಳಿ. ಶಾರ್ಪ್‌ಶಿನ್ಡ್ ಚಿಕ್ಕದು, ತೂಕ 87ರಿಂದ 218 ಗ್ರಾಂ. ತಲೆ ಚಿಕ್ಕದು, ಕಾಲು ಕಡ್ಡಿಯಂತೆ ತೆಳು, ಬಾಲದ ತುದಿ ಕತ್ತರಿಸಿದಂತೆ ನೇರ, ಟೋಪಿ ಬದಲು ಕತ್ತಿನವರೆಗೂ ಕಪ್ಪು ಮುಸುಕು. ನಿಜ ಹೇಳಬೇಕೆಂದರೆ ಗಾತ್ರದಲ್ಲಿ ನಮ್ಮ ಬಿಜ್ಜಿನ ಜೊತೆ ಕೂರಿಸಬೇಕಾದ್ದು ಇದನ್ನು. ಆದರೂ ಹಿತ್ತಲಿಗೆ ಬಂದು ಕೂತು, ಮನೆಯವರ ಕಣ್ಣಿಗೆ ಬೀಳುವುದು ಕೂಪರ್ ಜಾಸ್ತಿ. ಆದ್ದರಿಂದ ಅಕ್ಕ ತಂಗಿಯರ ಫೋಟೊದಲ್ಲೂ ಅದೇ ಜಾಸ್ತಿ.

ಆರನೇ ಹೆಜ್ಜೆ: ಕಿವಿ ಬಳಸಿ, ಆದರೆ ನಂಬಬೇಡಿ

ಬಿಜ್ಜಿನದು ಎರಡು ಸ್ವರದ ಚೂಪು ಕೂಗು, ಟೀ-ಟೂ ಎಂದು. ಕೂಪರ್‌ನದು ಗೂಡಿನ ಹತ್ತಿರ ಕೇಳುವ ಒರಟು ಕ್ಯಾಕ್-ಕ್ಯಾಕ್-ಕ್ಯಾಕ್. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮಾಡಿರುವ ಮರ್ಲಿನ್ ಆಪ್ ಉಚಿತ. ಎರಡೂ ದನಿ ಅದರಲ್ಲಿ ಸಿಗುತ್ತವೆ. ರಾತ್ರಿ ಊಟ ಆದ ಮೇಲೆ ಇಯರ್‌ಫೋನ್ ಹಾಕಿ ಹತ್ತು ಸಲ ಕೇಳಿ. ಕಾಡಿನಲ್ಲಿ ಜೋರಾಗಿ ಹಾಕಬೇಡಿ. ಗೂಡು ಕಟ್ಟುವ ಜೋಡಿಗೆ ಅದು ಸುಮ್ನೆ ಕಿರುಕುಳ.

ನಂಬಬೇಡಿ ಎಂದದ್ದು ಏಕೆಂದರೆ ಕಾಜಾಣ ಬಿಜ್ಜಿನ ದನಿ ಮಾಡುತ್ತದೆ. ಗೊರವಂಕಗಳು ಹೆದರಿ ಹುಳು ಬಿಟ್ಟು ಹಾರಿದರೆ ಊಟ ಇದರದು. ನಾನು ಅರ್ಧ ಗಂಟೆ ಒಂದು ಹುಣಸೆ ಮರ ಸುತ್ತಿ, ಕೊನೆಗೆ ಕಾಜಾಣವನ್ನು ಕಂಡು ವಾಪಸ್ ಬಂದಿದ್ದೇನೆ. ಅಮೆರಿಕದಲ್ಲಿ ಬ್ಲೂ ಜೇ ಎಂಬ ನೀಲಿ ಹಕ್ಕಿ ಗಿಡುಗಗಳ ದನಿ ಅನುಕರಿಸುವುದರಲ್ಲಿ ಪಳಗಿದೆ, ಅದರಲ್ಲೂ ರೆಡ್ ಶೋಲ್ಡರ್ಡ್ ಹಾಕ್ ಎಂಬ ಗಿಡುಗದ್ದು.

ಏಳನೇ ಹೆಜ್ಜೆ: ಬೇಟೆ ನೋಡಿ, ಹೋಲಿಕೆ ಅಲ್ಲಿದೆ

ಇಷ್ಟು ಹೊತ್ತು ಹೇಳಿದ್ದು ಗುರುತು ಹಿಡಿಯುವ ವಿಚಾರ. ನಿಜವಾದ ಹೋಲಿಕೆ ಊಟದಲ್ಲಿದೆ. ಬಿಜ್ಜು ಯಾವುದನ್ನೂ ಬೇಡ ಎನ್ನುವುದಿಲ್ಲ. ಓತಿಕ್ಯಾತ, ಅಳಿಲು, ಕಪ್ಪೆ, ಮಿಡತೆ, ಏರೋಪ್ಲೇನ್ ಚಿಟ್ಟೆ, ಚಿಕ್ಕ ಹಕ್ಕಿ, ಸಿಕ್ಕಿದ್ದು. ನನ್ನ ನೋಟ್‌ಬುಕ್‌ನ ಎಡಪುಟದಲ್ಲಿ ಓತಿಕ್ಯಾತನೇ ಮೊದಲ ಸ್ಥಾನದಲ್ಲಿದೆ. ಮರೆಯಲ್ಲಿ ಕೂತು, ಕೆಳಗೆ ಕಣ್ಣಿಟ್ಟು, ಒಂದೇ ಜಿಗಿತಕ್ಕೆ ಎತ್ತಿಕೊಂಡು ಹೋಗುತ್ತದೆ.

ಕೂಪರ್ ಮುಖ್ಯವಾಗಿ ಹಕ್ಕಿ ತಿನ್ನುವ ಹಕ್ಕಿ. ಬೆಳವ, ರಾಬಿನ್, ಸ್ಟಾರ್ಲಿಂಗ್, ಜೇ, ಅವುಗಳ ಜೊತೆ ಚಿಪ್‌ಮಂಕ್ ಎಂಬ ಗೀರಳಿಲು. ಅದು ಮರಗಳ ನಡುವೆ ಭಾರಿ ವೇಗದಲ್ಲಿ ನುಗ್ಗುತ್ತದೆ. ಅದಕ್ಕೆ ಬೆಲೆಯೂ ತೆರುತ್ತದೆ. 300ಕ್ಕೂ ಹೆಚ್ಚು ಕೂಪರ್ ಗಿಡುಗಗಳ ಅಸ್ಥಿಪಂಜರ ಪರೀಕ್ಷಿಸಿದಾಗ ಶೇಕಡಾ 23ರಷ್ಟರಲ್ಲಿ ಎದೆಯ ಮೂಳೆ ಹಿಂದೆಂದೋ ಮುರಿದು ಕೂಡಿಕೊಂಡ ಗುರುತಿತ್ತು. ಕೊಂಬೆಗೆ ಬಡಿದುಕೊಂಡು ಬದುಕಿದವು. ಬಡಿದುಕೊಂಡು ಬದುಕದೇ ಹೋದವು ಎಷ್ಟೋ. ಹಿಡಿದ ಬೇಟೆಯನ್ನು ಕಾಲಲ್ಲಿ ಹಿಸುಕಿ ಕೊಲ್ಲುತ್ತದೆ. ನೀರಲ್ಲಿ ಮುಳುಗಿಸಿ ಹಿಡಿದದ್ದನ್ನೂ ಜನ ನೋಡಿದ್ದಾರೆ.

ಬುದ್ಧಿಯ ಕಥೆ ಒಂದಿದೆ, ಅದನ್ನು ಬಿಡಲಾರೆ. ನ್ಯೂಜೆರ್ಸಿಯ ವೆಸ್ಟ್ ಆರೆಂಜ್ ಎಂಬ ಊರಿನ ಒಂದು ಸಿಗ್ನಲ್. ರಸ್ತೆ ದಾಟುವವರು ಬಟನ್ ಒತ್ತಿದರೆ ಕಣ್ಣು ಕಾಣದವರಿಗಾಗಿ ಒಂದು ಶಬ್ದ ಬರುತ್ತದೆ, ಕೆಂಪು ದೀಪ ಹೆಚ್ಚು ಹೊತ್ತು ನಿಲ್ಲುತ್ತದೆ, ಕಾರುಗಳ ಸಾಲು ಉದ್ದವಾಗುತ್ತದೆ. ಅಲ್ಲೊಂದು ಮನೆಯವರು ಸಂಜೆ ಅಂಗಳದಲ್ಲಿ ಊಟ ಮಾಡುತ್ತಿದ್ದರು, ಉದುರಿದ ತುಣುಕಿಗೆ ಬೆಳಗ್ಗೆ ಗುಬ್ಬಿ, ಬೆಳವ ಸೇರುತ್ತಿದ್ದವು. ಒಂದು ಎಳೆ ಕೂಪರ್ ಈ ಶಬ್ದ ಕೇಳಿದ ಕೂಡಲೇ ಬಂದು ಒಂದು ಮರದಲ್ಲಿ ಕೂರುತ್ತಿತ್ತು. ಕಾರಿನ ಸಾಲು ಬೆಳೆದ ಮೇಲೆ ಅದರ ಮರೆಯಲ್ಲಿ ನೆಲಕ್ಕೆ ತಾಗುವಂತೆ ಹಾರಿ ಅಂಗಳಕ್ಕೆ ನುಗ್ಗುತ್ತಿತ್ತು. ಸಾಲು ಬೆಳೆಯುವ ಮೊದಲೇ, ಶಬ್ದ ಕೇಳಿಯೇ ಬರುತ್ತಿತ್ತು ಎಂಬುದು ಇಲ್ಲಿನ ವಿಶೇಷ. ಇದನ್ನು ಗಮನಿಸಿ 2025ರಲ್ಲಿ ಪ್ರಕಟಿಸಿದವರು ಪ್ರಾಣಿಶಾಸ್ತ್ರಜ್ಞ ವ್ಲಾದಿಮಿರ್ ಡಿನೆಟ್ಸ್. ಬಿ.ಎಚ್. ರಸ್ತೆಯ ನಮ್ಮ ಸಿಗ್ನಲ್‌ನಲ್ಲಿ ಬಿಜ್ಜಿಗೆ ಇಂಥದ್ದು ಕಷ್ಟ. ಅಲ್ಲಿ ಕೆಂಪು ದೀಪಕ್ಕೆ ಸಾಲು ನಿಲ್ಲಬೇಕಲ್ಲ ಮೊದಲು.

ಬೇಟೆಯನ್ನು ಕಂಡಾಗ ಮೂರು ವಿಷಯ ಬರೆಯಿರಿ: ಎಷ್ಟು ಹೊತ್ತು ಕಾದಿತ್ತು, ಮೇಲಿಂದ ಬಿತ್ತೋ ಅಡ್ಡ ನುಗ್ಗಿತೋ, ಏನು ಹಿಡಿಯಿತು. ತಪ್ಪಿಸಿಕೊಂಡ ಬೇಟೆಯನ್ನೂ ಬರೆಯಿರಿ. ಅಮೆರಿಕದಲ್ಲಿರುವ ನಿಮ್ಮವರಿಗೂ ಇದೇ ಮೂರು ಪ್ರಶ್ನೆ ಕಳಿಸಿ. ಹಕ್ಕಿಗೆ ಕಾಳು ಹಾಕುವ ಫೀಡರ್ ಹಿತ್ತಲಲ್ಲಿದ್ದರೆ ಗಿಡುಗ ಅಲ್ಲಿಗೇ ಬರುತ್ತದೆ. ಪಾಪ ಅನಿಸಿದರೆ ಫೀಡರನ್ನು ಕೆಲವು ದಿನ ತೆಗೆದಿಡಲಿ. ಗಿಡುಗ ಬೇರೆ ಕಡೆ ಹೋಗುತ್ತದೆ.

ಎಂಟನೇ ಹೆಜ್ಜೆ: ಗೂಡು, ದೂರದಿಂದ

ಎರಡರದೂ ಕಡ್ಡಿಯ ಗೂಡು, ಕಾಗೆ ಗೂಡಿನ ಹಾಗೆ. ಬಿಜ್ಜು ನಮ್ಮಲ್ಲಿ ಬೇಸಿಗೆಯಲ್ಲಿ ಕಟ್ಟುತ್ತದೆ, ಗಂಡು ಹೆಣ್ಣು ಸೇರಿ. ಸಾಮಾನ್ಯವಾಗಿ ಮೂರು ನಾಲ್ಕು ಮೊಟ್ಟೆ. ಕೂಪರ್‌ನಲ್ಲಿ ಕಟ್ಟಡದ ಕೆಲಸ ಹೆಚ್ಚು ಕಡಿಮೆ ಗಂಡಿನದೇ, ಎರಡು ವಾರ ಹಿಡಿಯುತ್ತದೆ. ಮೂರರಿಂದ ಐದು ಮೊಟ್ಟೆ, ಕಾವು 30ರಿಂದ 36 ದಿನ. ದೊಡ್ಡ ಹಕ್ಕಿ, ದೊಡ್ಡ ಮೊಟ್ಟೆ.

ಗೂಡಿನ ಹತ್ತಿರ ಹೋಗಬೇಡಿ. ಗೂಡಿನ ಜಾಗವನ್ನು ಗ್ರೂಪಿನಲ್ಲಿ ಹಾಕಬೇಡಿ. ಮರಿ ಬಿದ್ದಿದ್ದರೆ ಮನೆಗೆ ತರಬೇಡಿ, ಅರಣ್ಯ ಇಲಾಖೆಗೆ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬಿಜ್ಜನ್ನು ಹಿಡಿಯುವುದು, ಸಾಕುವುದು ಅಪರಾಧ. ಕಾಕತಾಳೀಯ ಎಂದರೆ ಕೂಪರ್‌ಗೂ 1972 ದೊಡ್ಡ ವರ್ಷ. ಅಮೆರಿಕದಲ್ಲಿ ಡಿಡಿಟಿ ಎಂಬ ಕೀಟನಾಶಕದ ನಿಷೇಧ ಆದದ್ದು ಆಗಲೇ. ಅದಕ್ಕೆ ಮೊದಲು ಈ ಹಕ್ಕಿಯನ್ನು ಕೋಳಿ ಕಳ್ಳ ಎಂದು ಗುಂಡಿಟ್ಟು ಕೊಲ್ಲುತ್ತಿದ್ದರು, ಉಳಿದವುಗಳ ಸಂತಾನಕ್ಕೆ ಡಿಡಿಟಿ ಕುತ್ತಾಗಿತ್ತು. ಈಗ ಚೇತರಿಸಿಕೊಂಡು ಟೂಸಾನ್, ಮಿಲ್ವಾಕಿಯಂಥ ನಗರಗಳ ಒಳಗೇ ಗೂಡು ಕಟ್ಟುತ್ತಿದೆ.

ಒಂಬತ್ತನೇ ಹೆಜ್ಜೆ: ಹೆಸರು ಬದಲಾಗಿದೆ, ಗಾಬರಿ ಬೇಡ

ಹಳೆಯ ಪುಸ್ತಕದಲ್ಲಿ ಎರಡೂ ಆಕ್ಸಿಪಿಟರ್ ಎಂಬ ಒಂದೇ ಕುಲದಲ್ಲಿವೆ. ಈಗಿನ ಆಪ್‌ನಲ್ಲಿ ಹುಡುಕಿದರೆ ಬಿಜ್ಜು ಟ್ಯಾಕಿಸ್ಪೈಜಾ, ಕೂಪರ್ ಆಸ್ಟುರ್ (Astur). ವಂಶವಾಹಿ ಪರೀಕ್ಷೆಗಳ ಆಧಾರದ ಮೇಲೆ 2024ರಲ್ಲಿ ಈಬರ್ಡ್ ಎಂಬ ಕಾರ್ನೆಲ್‌ನವರ ಪಕ್ಷಿ ದಾಖಲೆ ತಾಣದ ಪಟ್ಟಿಯಲ್ಲಿ ಇವನ್ನು ಬೇರೆ ಮಾಡಿದರು. ಕೂಪರ್ ಹತ್ತಿರದ ನೆಂಟಸ್ತನ ಗಾಸ್‌ಹಾಕ್ ಎಂಬ ದೊಡ್ಡ ಗಿಡುಗಗಳ ಜೊತೆ, ನಮ್ಮ ಬಿಜ್ಜಿನ ಜೊತೆ ಅಲ್ಲ. ಅಂದರೆ ಅಕ್ಕ, ನಾನು ಇಬ್ಬರೂ ಮೋಸ ಹೋದದ್ದು ಹತ್ತಿರದ ರಕ್ತಸಂಬಂಧದಿಂದ ಅಲ್ಲ. ಮರದ ಸಂದಿಯಲ್ಲಿ ನುಗ್ಗಿ ಹಿಡಿದು ತಿನ್ನುವ ಕೆಲಸ ಎರಡಕ್ಕೂ ಒಂದೇ, ಆ ಕೆಲಸಕ್ಕೆ ಬೇಕಾದ ಗಿಡ್ಡ ರೆಕ್ಕೆ, ಉದ್ದ ಬಾಲ ಎರಡಕ್ಕೂ ಇದೆ. ಕಮ್ಮಾರ ಎಲ್ಲಿಯವನಾದರೂ ಸುತ್ತಿಗೆ ಒಂದೇ ಥರ ಇರುತ್ತದೆ ಅಲ್ವಾ, ಹಾಗೆ.

ಈಗ ನೋಟ್‌ಬುಕ್‌ನ ಬಲಪುಟ ತುಂಬಿಸಿ. ಫೋಟೊ ಸಾಲದಿದ್ದರೆ ಕಾರ್ನೆಲ್‌ನವರದೇ ಮೆಕಾಲೆ ಲೈಬ್ರರಿಯಲ್ಲಿ ಕೂಪರ್‌ನ ಫೋಟೊಗಳು ರಾಶಿ ಇವೆ, ನೋಡಲು ದುಡ್ಡು ಕೊಡಬೇಕಿಲ್ಲ. ನಿಮ್ಮವರು ನ್ಯೂಜೆರ್ಸಿಯಲ್ಲಿದ್ದರೆ ಅಕ್ಟೋಬರ್‌ನಲ್ಲಿ ಕೇಪ್ ಮೇ ಎಂಬ ಕಡಲ ತುದಿಗೆ ಒಮ್ಮೆ ಹೋಗಿ ಬರಲಿ. ವಲಸೆ ಹೋಗುವ ಗಿಡುಗಗಳನ್ನು ಅಲ್ಲಿ 1976ರಿಂದ ಎಣಿಸುತ್ತಿದ್ದಾರೆ. ಕೂಪರ್, ಶಾರ್ಪ್‌ಶಿನ್ಡ್ ಎರಡೂ ತಲೆ ಮೇಲೇ ಹೋಗುತ್ತವೆ.

ಅಕ್ಕ ಹೋದ ವರ್ಷ ಹೋಗಿ ಬಂದಳು. ಕಳೆದ ತಿಂಗಳು ಅವಳಿಂದ ಹೊಸ ಫೋಟೊ ಬಂತು, ಜೊತೆಗೆ ಟಿಪ್ಪಣಿ: "ಬಾಲದ ತುದಿ ನೇರ. ಟೋಪಿ ಇಲ್ಲ, ಮುಸುಕು ಇದೆ. ಬೇಲಿ ಪಟ್ಟಿ ಹದಿನಾಲ್ಕು ಸೆಂಟಿಮೀಟರ್. ಹಕ್ಕಿ ಎರಡು ಪಟ್ಟಿಗಿಂತ ಕಡಿಮೆ. ಇದು ಕೂಪರ್ ಅಲ್ಲ, ಶಾರ್ಪ್‌ಶಿನ್ಡ್. ಈಗ ನೀನು ಬಿಜ್ಜು, ಕಾಗೆ ಎರಡೂ ಒಂದೇ ಕೊಂಬೆಯಲ್ಲಿರುವ ಫೋಟೊ ಕಳಿಸು, ಗಾತ್ರ ನೋಡಬೇಕು."

ಮೂರು ಭಾನುವಾರ ನಾಮದ ಚಿಲುಮೆಗೆ ಹೋಗಿ ಬಂದೆ. ಬಿಜ್ಜು ಸಿಕ್ಕಿತು, ಕಾಗೆಗಳೂ ಸಿಕ್ಕವು. ಎರಡೂ ಒಂದೇ ಕೊಂಬೆಗೆ ಬರಲಿಲ್ಲ.